ಕೊಳಕ್ಕೆ ದಾರಿ ಸಿಕ್ಕ ಮೇಲೆ

ನನ್ನ ಕಪ್ಪೆ ಅಕ್ಕನಿಗೆ,

ಮೂರು ಗಂಟೆ ಹೊತ್ತಿಗೆ ಎಚ್ಚರವಾಯಿತು. ಯಾರೋ ಬಂಡೆಯ ಮೇಲೆ ಕೊಡಗಟ್ಟಲೆ ನೀರು ಸುರಿಯುತ್ತಿರುವ ಹಾಗೆ ಸದ್ದು. ನಮ್ಮ ಬಚ್ಚಲ ನಲ್ಲಿ ಇರಬೇಕೆಂದು ಎದ್ದು ಹೋಗಿ ತಿರುಗಿಸಿ ನೋಡಿದೆ. ಆಮೇಲೆ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದೆ. ಇದೊಂದು ರೂಢಿಯಾಗಿಬಿಟ್ಟಿದೆ, ನಗಬೇಡ. ಕೊನೆಗೆ ಕಿಟಕಿ ತೆಗೆದಾಗ ತಿಳಿಯಿತು. ಎದುರಿನ ಪಾರ್ಕಿನೊಳಗೆ, ಮರಗಳ ಆಚೆ, ನಿನ್ನ ಈಜುಕೊಳಕ್ಕೆ ನೀರು ಬಿಡುತ್ತಿದ್ದಾರೆ ಅಕ್ಕಾ! ಕ್ಲಬ್ಬಿನವರಿಗೆ ವಹಿಸಿಕೊಡಬೇಕೆಂದು ಬತ್ತಿಸಿಟ್ಟಿದ್ದ ಅದೇ ಕೊಳಕ್ಕೆ.

ಗೆದ್ದೆವು ಕಣೇ. ಇದನ್ನು ಹೇಳೋಣವೆಂದರೆ ನೀನು ಮೊನ್ನೆಯಿಂದ ಫೋನ್ ಆಫ್ ಮಾಡಿ ಕೂತಿದ್ದೀಯ. ನಿನ್ನೆ ಇವರನ್ನು ನಿಮ್ಮ ಮನೆಗೆ ಅಟ್ಟಿದೆ. ನೀನು ಬಾಗಿಲ ಸಂದಿಯಿಂದಲೇ "ಕೊಳದ ಸುದ್ದಿ ಆದ್ರೆ ಬೇಡಪ್ಪ, ಊಟಕ್ಕೆ ಆದ್ರೆ ಬಾ" ಅಂದೆಯಂತೆ. ಈ ಮಹಾನುಭಾವರು ಹೊಟ್ಟೆ ತುಂಬ ಉಂಡು, ಸುದ್ದಿಯನ್ನು ಹಾಗೇ ಹೊತ್ತುಕೊಂಡು ವಾಪಸು ಬಂದರು! ಅದಕ್ಕೇ ಈ ಕಾಗದ. ಸಾಮಾನು ಕಟ್ಟಿದ ಪೊಟ್ಟಣವನ್ನೂ ಬಿಡಿಸಿ ಓದದೆ ಬಿಸಾಡುವವಳಲ್ಲ ನೀನು, ಇದನ್ನೂ ಓದದೆ ಇರಲಾರೆ. ಇವರು ಓಡಿಸುವ ಮೊದಲನೇ ಬಸ್ಸು ನಿಮ್ಮ ಬೀದಿಯ ಕೊನೆಗೆ ಬಂದು ತಿರುಗುತ್ತದಲ್ಲ, ಆಗ ಇಳಿದು ಬಾಗಿಲ ಕೆಳಗೆ ತೂರಿಸುತ್ತಾರೆ.

ಮೊದಲು ಮುಖ್ಯವಾದದ್ದು ಕೇಳು. ಇವತ್ತು ಹತ್ತಕ್ಕೆ ನೀನು ಜನನ ಮರಣ ವಿಭಾಗಕ್ಕೆ ಹೋಗಿ ಹೊಸ ಕೆಲಸಕ್ಕೆ ಸಹಿ ಹಾಕಬೇಕಂತೆ. ಹಾಕಬೇಡ. ಹನ್ನೊಂದಕ್ಕೆ ಕೊಳದಲ್ಲಿ ಹೆಂಗಸರ ಹೊತ್ತು ಶುರುವಾಗುತ್ತದೆ, ಕಾವಲಿಗೆ ಹೆಣ್ಣು ಲೈಫ್‌ಗಾರ್ಡ್ ಇದ್ದರೆ ಮಾತ್ರ. ನಗರಸಭೆಯಲ್ಲಿ ಇರುವ ಹೆಣ್ಣು ಲೈಫ್‌ಗಾರ್ಡ್ ನೀನೊಬ್ಬಳೇ. ಜೀವ ಉಳಿಸುವವಳು ಹೋಗಿ ಸತ್ತವರ ಹೆಸರು ಬರೆಯುತ್ತಾ ಕೂರುತ್ತೇನೆ ಅನ್ನುತ್ತೀಯಲ್ಲ, ನಿನಗೆ ಏನು ಹೇಳಲಿ?

ಯಾಕೆ ಹೊರಟೆ ಅಂತ ಗೊತ್ತು. ಮೂರು ವರ್ಷ ಆ ಎತ್ತರದ ಕುರ್ಚಿಯ ಮೇಲೆ, ಕೊರಳಲ್ಲಿ ಸೀಟಿ ಹಾಕಿಕೊಂಡು, ಒಬ್ಬಳೂ ಇಳಿಯದ ನೀರನ್ನು ಕಾದೆ. ಬೆಳಗಿನ ಹೊತ್ತಲ್ಲಿ ಹೆಂಗಸರಿಗೆ ಬಿಡುತ್ತಿದ್ದಾಗ ಅದೇ ಕೊಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಿನ್ನ ಸೀಟಿ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಹೊತ್ತನ್ನು ಹನ್ನೊಂದಕ್ಕೆ ಬದಲಾಯಿಸಿದ ಮೇಲೆ ಒಂದು ನರಪಿಳ್ಳೆಯೂ ಬರಲಿಲ್ಲ. "ನನ್ನ ಗದರಿಕೆಗೆ ಹೆದರಿ ಓಡಿಹೋದ್ರು ಕಣೇ" ಅಂತ ಮೊದಮೊದಲು ನಗುತ್ತಿದ್ದೆ. ಬರಬರುತ್ತಾ ನಗುವುದನ್ನು ಬಿಟ್ಟೆ, ಆದರೆ ಆ ಮಾತನ್ನು ಬಿಡಲಿಲ್ಲ. ನಾನೂ ಪೆದ್ದಿ, ಇದ್ದರೂ ಇರಬಹುದು ಅಂದುಕೊಂಡೆ. ನನ್ನನ್ನು ನೀನು ಗದರಿದ್ದು ಕಡಿಮೆಯೇ? "ಇವಳು ಕಂಬಿ ಹಿಡ್ಕೊಂಡೇ ಡಿಗ್ರಿ ಮುಗಿಸಿದಳು" ಅಂತ ಕೊಳದ ತುಂಬ ಕೇಳುವ ಹಾಗೆ ಕೂಗಿದವಳು ನೀನು.

ಆದರೆ ಅವರು ಓಡಿಹೋಗಿರಲಿಲ್ಲ ಅಕ್ಕಾ. ಅದನ್ನು ಕಂಡುಹಿಡಿದದ್ದು ನನ್ನ ಬಾಣಂತನ. ಮಗುವಿಗೆ ಹಾಲು ಕುಡಿಸುವ ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡಿದ್ದೆ. ಒಂದು ದಿನ ಹನ್ನೊಂದಕ್ಕೆ ನೋಡುತ್ತೇನೆ, ಕೆಳಗಿನ ಮನೆಯ ಟೈಲರ್ ಆಂಟಿ ಟವೆಲ್ ಚೀಲ ಹಿಡಿದು ಪಾರ್ಕಿನ ಗೇಟಿಗೆ ಹೋದರು. ಬೀಗ. ಅಲ್ಲಾಡಿಸಿ ನೋಡಿ ವಾಪಸು ಬಂದರು. ಹಿಂದೆಯೇ ಒಬ್ಬರು ಅಜ್ಜಿ, ಮೊಮ್ಮಗಳ ಕೈ ಹಿಡಿದುಕೊಂಡು. ಅವರೂ ಬೀಗ ನೋಡಿ ತಿರುಗಿದರು. ಕೊಳ ಮುಚ್ಚಿದ್ದಾರೆ ಅಂದುಕೊಂಡು ತಲೆ ಎತ್ತಿದರೆ, ಮರಗಳ ಸಂದಿಯಲ್ಲಿ ನೀಲಿ ನೀರು, ಅದರ ಪಕ್ಕದ ಕುರ್ಚಿಯಲ್ಲಿ ನೀನು! ಗೇಟಿಗೆ ನೀನು ಕಾಣುವುದಿಲ್ಲ, ನಿನಗೆ ಗೇಟು ಕಾಣುವುದಿಲ್ಲ, ನಡುವೆ ಬಟ್ಟೆ ಬದಲಿಸುವ ಕೋಣೆಗಳ ಗೋಡೆ. ನೀನೋ ಹಿಂದಿನ ರಸ್ತೆಯಿಂದ, ಪಂಪಿನ ಕೋಣೆಯ ಬಾಗಿಲಲ್ಲಿ ನುಗ್ಗಿ ಬರುವವಳು. ಇಡೀ ಊರಿನಲ್ಲಿ ಎರಡನ್ನೂ ಒಟ್ಟಿಗೆ ನೋಡಬಲ್ಲವಳು ಮೂರನೇ ಮಹಡಿಯ ಈ ನಿದ್ದೆಗೇಡಿ ಒಬ್ಬಳೇ.

ಇಳಿದು ಹೋಗಿ ಕಾವಲಿನವನನ್ನು ಕೇಳಿದೆ. "ಒಂಬತ್ತರಿಂದ ನಾಲ್ಕರವರೆಗೆ ಗಿಡಕ್ಕೆ ನೀರು ಬಿಡೋ ಹೊತ್ತು, ಗೇಟ್ ಬಂದ್. ಪಾರ್ಕ್ ತೋಟದ ವಿಭಾಗದ್ದು ಮೇಡಂ, ಕೊಳ ಕ್ರೀಡಾ ವಿಭಾಗದ್ದು. ಅವರ ವಿಷಯ ನಮಗೆ ಬರಲ್ಲ" ಅಂದ. ಅರ್ಥವಾಯಿತಾ? ತೋಟದವರು ಬೀಗ ಹಾಕುವ ಹೊತ್ತಿನೊಳಗೇ ಕೊಳದವರು ಹೆಂಗಸರ ಹೊತ್ತನ್ನು ತಂದು ಇಟ್ಟಿದ್ದರು. ಆಮೇಲೆ "ಹೆಂಗಸರು ಬರುವುದಿಲ್ಲ" ಅಂತ ವರ್ಷ ವರ್ಷ ವರದಿ. ಅರ್ಧ ದಿನ ಖಾಲಿ ಬೀಳುವ ಕೊಳವನ್ನು ನಗರಸಭೆ ಯಾಕೆ ಸಾಕಬೇಕು, ಕ್ಲಬ್ಬಿಗೆ ಕೊಟ್ಟುಬಿಡೋಣ ಅಂತ ಯೋಜನೆ. ನಿನ್ನ ಹತ್ತಿರ ಓಡಿ ಬರೋಣವೆಂದರೆ ಮಗುವಿಗೆ ಜ್ವರ ಹತ್ತಿತು. ಜ್ವರ ಇಳಿಯುವಷ್ಟರಲ್ಲಿ ಕೊಳ ಬತ್ತಿತ್ತು, ನೀನು ವರ್ಗಾವಣೆ ಕೇಳಿಯಾಗಿತ್ತು, "ಆ ಕೊಳದ ಹೆಸರೆತ್ತಿದ್ರೆ ಮಾತು ಬಿಡ್ತೀನಿ" ಅಂತ ಅಮ್ಮನ ಮುಂದೆ ಆಣೆಯನ್ನೂ ಹಾಕಿಯಾಗಿತ್ತು.

ಸರಿ, ಹೇಳಬೇಕಾದ ಕಡೆಯೇ ಹೇಳೋಣ ಅಂತ ಮೊನ್ನೆಯ ಅಹವಾಲು ಸಭೆಗೆ ಹೋದೆ. ಮಗುವನ್ನು ಯಾರ ಕೈಗೂ ಕೊಡುವ ಧೈರ್ಯವಾಗದೆ ಎತ್ತಿಕೊಂಡೇ ಹೋದೆ. ಸಭೆ ಅಂದರೆ ನನ್ನ ಗತಿ ನಿನಗೆ ಗೊತ್ತು, ಕಾಲೇಜಿನಲ್ಲಿ ವಂದನಾರ್ಪಣೆ ಮಾಡಲು ನಿಂತು ಮುಖ್ಯ ಅತಿಥಿಯ ಹೆಸರನ್ನೇ ಮರೆತವಳು.  ಮೈಕಿನ ಮುಂದೆ ನಿಂತು ಬಾಯಿ ತೆರೆದೆ, ಮೊದಲ ಮಾತೇ ಮರೆತುಹೋಯಿತು. ಅಷ್ಟರಲ್ಲಿ ನನ್ನ ಮಗಳು, ಅಲ್ಲ, ನಿನ್ನ ಮಗಳೇ ಅನ್ನು, ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಕಿರುಚಿದಳು ನೋಡು! ಸಭೆ ಗಪ್‌ಚಿಪ್. ಇಷ್ಟು ಚೆನ್ನಾಗಿ ಜನರನ್ನು ಸುಮ್ಮನಾಗಿಸಿಕೊಟ್ಟ ಮೇಲೆ ನಾನು ಹಿಂದೆ ಸರಿದರೆ ಹೇಗೆ? ಎಲ್ಲ ಹೇಳಿದೆ. ಗೇಟು, ಬೀಗ, ಕುರ್ಚಿ, ನೀನು.

ತೋಟದ ಅಧಿಕಾರಿ "ಜನ ಓಡಾಡಿದ್ರೆ ಹುಲ್ಲೆಲ್ಲಾ ಕೆಸರು" ಅಂದರು. ಕೊಳದ ಅಧಿಕಾರಿ "ಹೆಂಗಸರು ಬರಲ್ಲ ಅನ್ನೋದಂತೂ ನಿಜ ತಾನೇ" ಅಂದರು. "ಹೇಗೆ ಬರಬೇಕು ಸಾರ್, ಗೇಟ್ ಹಾರಿನಾ?" ಅಂತ ನಾನು ಕೇಳಿದ್ದೇ ತಡ, ಹಿಂದಿನಿಂದ ಟೈಲರ್ ಆಂಟಿ, "ನಾನು ಹಾರೋಕೆ ಸಿದ್ಧ, ಗೇಟ್ ಮುರಿದ್ರೆ ಯಾವ ವಿಭಾಗದವರು ಕಟ್ಟಿಸ್ಕೊಡ್ತೀರಾ ಅಷ್ಟು ಹೇಳಿ!" ಸಭೆಯಲ್ಲಿ ನಗು ತಡೆಯಲಾಗಲಿಲ್ಲ. ಆಯುಕ್ತರೂ, ಹೆಂಗಸೇ ಅವರು, ಸೆರಗು ಬಾಯಿಗೆ ಇಟ್ಟುಕೊಂಡರು. ಆಮೇಲೆ ಮುಖ ಗಂಟಿಕ್ಕಿ, "ನೀವಿಬ್ರೂ ಒಂದೇ ಕಟ್ಟಡದಲ್ಲಿ ಕೂರೋರಲ್ವೇನ್ರೀ?" ಅಂತ ಕೇಳಿದರೆ, "ಅವ್ರು ಎರಡನೇ ಮಹಡಿ ಮೇಡಂ, ನಾವು ನಾಲ್ಕನೇದು" ಅಂತ ಉತ್ತರ!

ಅಲ್ಲೇ ತೀರ್ಮಾನವಾಯಿತು. ಕೊಳ ಕ್ಲಬ್ಬಿಗಿಲ್ಲ, ನಗರಸಭೆಯದೇ. ತೋಟದವರು ಗಿಡಕ್ಕೆ ನೀರು ಬಿಡುವುದನ್ನು ಒಂಬತ್ತರೊಳಗೆ ಮುಗಿಸಬೇಕು, ಆಮೇಲೆ ಗೇಟು ತೆರೆದೇ ಇರಬೇಕು. ನಾನು ಕೂತುಕೊಂಡಾಗ ಅಕ್ಕಪಕ್ಕದವರೆಲ್ಲ ಕೈ ಕುಲುಕಿದರು. ಮಗುವಿನ ಕೈಯನ್ನೂ. ಆಮೇಲೆ ಆಯುಕ್ತರು ಕೇಳಿದರು, "ಹೆಂಗಸರ ಹೊತ್ತಿಗೆ ಕಾವಲು ಯಾರು?"  ಕೊಳದ ಅಧಿಕಾರಿ ಮೆಲ್ಲಗೆ ನಿನ್ನ ವರ್ಗಾವಣೆಯ ವಿಷಯ ಹೇಳಿದರು. ನೀನು ಹೊಸ ಕಡೆ ಸಹಿ ಹಾಕಿದರೆ ಮುಗಿಯಿತು. ಇನ್ನೊಬ್ಬಳನ್ನು ಆರಿಸಿ, ತರಬೇತಿ ಕೊಟ್ಟು ತರುವವರೆಗೆ ಹೆಂಗಸರಿಗೆ ಕೊಳವಿಲ್ಲ. ನೀನು ಬರುತ್ತೇನೆ ಅಂದರೆ ವರ್ಗಾವಣೆ ರದ್ದು. ಅಷ್ಟೇ.

ಟೈಲರ್ ಆಂಟಿ ಎಲ್ಲರಿಗೂ ಈಜುಡುಗೆ ಹೊಲಿಯಲು ಕೂತಿದ್ದಾರೆ, ಅಳತೆ ತೆಗೆಯುವಾಗ ಬೈಗುಳ ಬೇರೆ. ಆ ಅಜ್ಜಿ ಮೊಮ್ಮಗಳಿಗಲ್ಲ, ತಮಗೇ ಕಲಿಯಬೇಕಂತೆ. "ನಿಮ್ಮಕ್ಕ ಬೈತಾಳಂತಲ್ಲ, ಬೈಲಿ ಬಿಡು, ನಮ್ಮನೇಲಿ ನನ್ನ ಬೈಯೋರು ಯಾರೂ ಉಳಿದಿಲ್ಲ" ಅಂದರು. ನನಗೂ ಇಳಿಯಬೇಕು ಅಕ್ಕಾ. ಈ ಐದು ತಿಂಗಳಲ್ಲಿ ನನ್ನ ಮೈ ನನ್ನದು ಅಂತ ಅನ್ನಿಸಿಯೇ ಇಲ್ಲ. ಹೆದರಿಕೆ ಹೋಗುತ್ತದೋ ಇಲ್ಲವೋ, ಒಂದು ಗಂಟೆ ನೀರಿನಲ್ಲಿ ಹೆದರಿಕೊಂಡಿರುತ್ತೇನೆ. ನೀನು ಮೇಲೆ ಕೂತಿದ್ದರೆ ಸಾಕು.

ಅವರೆಲ್ಲ ನಿನ್ನ ಸೀಟಿಗೆ ಹೆದರಿದವರಲ್ಲ. ಬೀಗ ನೋಡಿ ಮನೆಗೆ ಹೋದವರು. ಇದನ್ನು ಇನ್ನೊಮ್ಮೆ ಓದು, ಬೇಕಾದರೆ ಭಾವನಿಗೂ ಓದಿ ಹೇಳು.

ಕೊಳದ ಅಧಿಕಾರಿ ಆರಕ್ಕೆ ಇದೇ ಪಾರ್ಕಿಗೆ ನಡೆಯಲು ಬರುತ್ತಾರೆ. ನೀನು ಹೂಂ ಅಂದರೆ ಅಲ್ಲೇ ಹಿಡಿದು, ಕಾವಲಿಗೆ ನಿನ್ನ ಹೆಸರು ಹೇಳಿ ಬರುತ್ತೇನೆ. ನಿನ್ನ ಉಸಿರು ಉದ್ದವಾಗಿರಲಿ, ನಿನ್ನ ದನಿ ಗಟ್ಟಿಯಾಗಿರಲಿ, ನಿನ್ನ ಕಣ್ಣಳತೆಯಲ್ಲಿ ಇಳಿದವರೆಲ್ಲ ಕ್ಷೇಮವಾಗಿ ದಡ ಹತ್ತಲಿ. ದಮ್ಮಯ್ಯ ಅಕ್ಕಾ, ಫೋನ್ ಆನ್ ಮಾಡು. ಹಲೋ ಅನ್ನಬೇಡ, ಬೇಕಾದರೆ ಬೈದೇ ಶುರು ಮಾಡು. ಬೆಳಕು ಹರಿಯುವ ಮೊದಲು ಒಂದೇ ಒಂದು ಸಲ ಫೋನ್ ಮಾಡು.

ಕೈಯಲ್ಲಿ ಫೋನ್ ಹಿಡಿದೇ ಕೂತಿರುವ,
ನಿನ್ನ ತಂಗಿ