ಮಂಗಳವಾರ ಕುಡಿದ ಕಾಫಿ

ಮೈಸೂರು,
ಇಸವಿ ಎರಡು ಸಾವಿರದ ಇನ್ನೂರ ಹದಿಮೂರು,
ಆಷಾಢದ ಐವತ್ತೊಂದನೆಯ ದಿನ.

ಶ್ರೀವತ್ಸ ಕಳಲೆಯವರಿಗೆ,

ತಾರೀಖು ಕಂಡು ಗಾಬರಿಯಾಗಬೇಡಿ. ಮಳೆಗಾಲ ಹಿಗ್ಗಿದಂತೆಲ್ಲ ನಮ್ಮ ಹಿರಿಯರು ಆಷಾಢವನ್ನೂ ಹಿಗ್ಗಿಸಿದರು. ಈಗ ಅದಕ್ಕೆ ಅರವತ್ತು ದಿನ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮೆ ಇರಲಿ, ಆದರೆ ಆ ತಪ್ಪಿನಲ್ಲಿ ಅರ್ಧ ನಿಮ್ಮದು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಮೈಸೂರಿನ ಕಾಫಿ ಅಂಗಡಿಗಳನ್ನು ಸುತ್ತಿ, ಒಂದಕ್ಕೊಂದು ಹೋಲಿಸಿ ಬರೆದ ‘ಹದಿನೇಳು ಅಂಗಡಿ, ಹದಿನೇಳು ಲೋಟ’ ಎಂಬ ನೋಟ್‌ಬುಕ್ಕಿನಿಂದ. ಯಾರನ್ನಾದರೂ ಹೊಗಳಬೇಕಾದರೂ ನನ್ನ ಬಾಯಲ್ಲಿ ‘ಡಿಕಾಕ್ಷನ್ ಗಟ್ಟಿ, ಹಾಲು ಹದ’ ಎಂದೇ ಬರುತ್ತದೆ.

ಕಾಫಿ ಗಿಡ ನಮ್ಮಲ್ಲಿ ಸತ್ತು ತೊಂಬತ್ತು ವರ್ಷವಾಯಿತು. ನಾವು ಕಾಫಿ ಎನ್ನುವುದು ಹುರಿದ ಹುಣಸೆಬೀಜದ ಪುಡಿ ಕುದಿಸಿದ ನೀರನ್ನು. ಬೆಳಿಗ್ಗೆ ಬೀದಿಯ ಕೊಳಾಯಿಯಲ್ಲಿ ಅದು ಬಿಸಿಯಾಗಿ ಬರುತ್ತದೆ, ಲೋಟ ಹಿಡಿದು ಸಾಲಿನಲ್ಲಿ ನಿಲ್ಲುತ್ತೇವೆ, ಊರಿಗೆಲ್ಲ ಒಂದೇ ರುಚಿ. ಒಂದು ಅಂಗಡಿಯಂತೆ ಇನ್ನೊಂದು ಇರುತ್ತಿರಲಿಲ್ಲ, ಒಂದು ಲೋಟ ಕಾಫಿಗೆ ಜನ ಊರಿನ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದರು ಎಂಬುದನ್ನೆಲ್ಲ ನೀವೇ ನನಗೆ ಹೇಳಿದಿರಿ. ಪಟ್ಟಾಭಿ ಕಾಫಿ ಬಾರಿನ ಲೋಟದ ಅಂಚು ತುಟಿ ಸುಟ್ಟಿತೆಂದು ಓದಿದಾಗ ಎಂಟು ವರ್ಷದ ನಾನು ನನ್ನ ತುಟಿ ಮುಟ್ಟಿ ನೋಡಿಕೊಂಡಿದ್ದೆ. ದೊಡ್ಡವಳಾಗಿ ರುಚಿಸಾಕ್ಷಿಯಾದೆ. ಹಳೆಯ ಬರಹ ಓದಿ, ಕಳೆದುಹೋದ ತಿಂಡಿತೀರ್ಥ ಹೇಗಿತ್ತೆಂದು ಊರಿಗೆ ಸಾಕ್ಷಿ ಹೇಳುವ ಕೆಲಸ ಅದು.

ಹೋದ ವರ್ಷ ನಮ್ಮ ತಣ್ಣಗುಡಿಯ ಯಂತ್ರ ಕೆಟ್ಟಿತು. ತಣ್ಣಗುಡಿ ಎಂದರೆ ಹಳೆಯ ಬೀಜಗಳನ್ನು ಕಾಪಾಡುವ ನೆಲಮಾಳಿಗೆ. ಅಲ್ಲಿ ಯಾರಿಗೂ ನೆನಪಿಲ್ಲದ ಎರಡು ಡಬ್ಬಿ ಕಾಫಿ ಬೀಜ ಸಿಕ್ಕವು. ಒಂದು ಪಟ್ಟಾಭಿಯವರಿಗೆ ಕಾಫಿ ಕೊಡುತ್ತಿದ್ದ ತೋಟದ್ದು, ಇನ್ನೊಂದು ನಿಮ್ಮ ಹದಿನೇಳರಲ್ಲಿ ಕೊನೆಯದಾದ ನಿಂಗಾಜಮ್ಮನ ಅಂಗಡಿಗೆ ಕೊಡುತ್ತಿದ್ದ ತೋಟದ್ದು. ಕೂಡಲೇ ಬಿತ್ತದಿದ್ದರೆ ಎರಡೂ ಸಾಯುತ್ತಿದ್ದವು. ಗಾಜಿನ ಮನೆಯಲ್ಲಿ ಖಾಲಿ ಇದ್ದದ್ದು ಒಂದೇ ಮಡಿ, ಒಟ್ಟಿಗೆ ಹಾಕಿದರೆ ತಳಿ ಬೆರೆಯುತ್ತದೆ ಎಂದರು. ಯಾವುದನ್ನು ಉಳಿಸಬೇಕೆಂದು ಊರ ಸಭೆ ನನ್ನನ್ನು ಕೇಳಿತು. ನಾನು ನಿಮ್ಮ ಹದಿನೇಳನೆಯ ಪುಟವನ್ನು ಗಟ್ಟಿಯಾಗಿ ಓದಿದೆ: ‘ಮಂಗಳವಾರ, ಬೆಳಿಗ್ಗೆ ಎಂಟೂಕಾಲು. ನಿಂಗಾಜಮ್ಮನ ಕಾಫಿ. ತೆಳು, ಸೀದ ವಾಸನೆ. ಎರಡನೇ ಗುಟುಕು ಬೇಡ.’

ನಿಂಗಾಜಮ್ಮನ ವಂಶದ ಮಾದಪ್ಪಜ್ಜ ಎದ್ದು ನಿಂತರು. ಎಂಬತ್ತು ದಾಟಿದವರು.

‘ಕುಡ್ದೋನು ಹಿಂಗ್ ಬರೆಯಕಿಲ್ಲ ಕಣವ್ವಾ,’ ಎಂದರು. ‘ಮಿಕ್ಕಿದ್ ಹದ್ನಾರ್ ಕಡೆ ಲೋಟ ಹೆಂಗಿತ್ತು, ಯಾರ್ ತಂದ್ಕೊಟ್ರು, ಎಲ್ಲಾ ಬರ್ದವ್ನೆ. ನಮ್ಮಜ್ಜಿ ಲೋಟದ್ ಮಾತೇ ಇಲ್ವಲ್ಲ?’

‘ಬರೆದೋರಿಗೆ ಸುಳ್ಳು ಹೇಳಿ ಆಗ್ಬೇಕಾದ್ದೇನಜ್ಜ? ಹೆತ್ತೋರಿಗೆ ಹೆಗ್ಗಣ ಮುದ್ದು,’ ಎಂದೆ. ಸಭೆ ನಕ್ಕಿತು. ಅವರು ಕೂತುಬಿಟ್ಟರು. ಪಟ್ಟಾಭಿಯವರ ಬೀಜ ಮಡಿಗೆ ಹೋಯಿತು, ಇನ್ನೊಂದು ಡಬ್ಬಿ ಹತ್ತೇ ದಿನದಲ್ಲಿ ಬೂಷ್ಟು ಹಿಡಿಯಿತು.

ಮೊನ್ನೆ ಚರಂಡಿ ತೋಡುವವರಿಗೆ ಒಂದು ತಗಡಿನ ಬೋರ್ಡು ಸಿಕ್ಕಿತು. ಮಣ್ಣು ತೊಳೆದು ಓದಿದೆ. ‘ನಿಂಗಾಜಮ್ಮ ಕಾಫಿ. ಸ್ಥಾಪನೆ 1974. ಬೆಳಿಗ್ಗೆ ಆರರಿಂದ. ಪ್ರತಿ ಮಂಗಳವಾರ ರಜೆ.’ ಮಾದಪ್ಪಜ್ಜನ ಮನೆಯಲ್ಲಿ ಇವತ್ತಿಗೂ ಮಂಗಳವಾರ ಒಲೆ ಹಚ್ಚುವುದಿಲ್ಲ. ಯಾಕೆಂದು ಅವರಿಗೇ ಗೊತ್ತಿರಲಿಲ್ಲ. ಮಂಗಳವಾರ ಬಂತೆಂದರೆ ತಂಗಳು ತಿನ್ನುವ ಮನೆ ಎಂದು ನಾವೆಲ್ಲ ಗೇಲಿ ಮಾಡುತ್ತಿದ್ದೆವು.

ನೀವು ಹೋದಾಗ ಬಾಗಿಲು ಹಾಕಿತ್ತು, ಅಲ್ಲವೇ? ನೋಟ್‌ಬುಕ್ಕಿನ ಹೊದಿಕೆಯ ಮೇಲೆ ‘ಹದಿನೇಳು’ ಎಂದು ಮೊದಲೇ ಬರೆದುಬಿಟ್ಟಿದ್ದಿರಿ. ಮಾರನೆಯ ದಿನದವರೆಗೆ ಕಾಯುವಷ್ಟು ಪುರುಸೊತ್ತಿರಲಿಲ್ಲವೇನೋ. ಕುಡಿಯದ ಕಾಫಿಗೆ ಸೀದ ವಾಸನೆ ಕಟ್ಟಿದಿರಿ. ಹದಿನಾರು ಪುಟ ನಂಬಿಸಿ, ಹದಿನೇಳನೆಯದರಲ್ಲಿ ಕೈಕೊಟ್ಟಿರಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಿಮ್ಮ ಕಾಲದ್ದೇ. ಸುಳ್ಳು ಹೇಳಿದ್ದು ನೀವು, ಆದರೆ ಅದನ್ನು ಊರ ಮುಂದೆ ಓದಿ ಒಬ್ಬ ಮುದುಕನ ಬಾಯಿ ಮುಚ್ಚಿಸಿದವಳು ನಾನು. ಈಗ ಪಟ್ಟಾಭಿಯವರ ಲೋಟ ನಿಜಕ್ಕೂ ನಿಮ್ಮ ತುಟಿ ಸುಟ್ಟಿತೇ ಎಂದು ಅನುಮಾನ ಬರುತ್ತದೆ. ನನ್ನ ಬಾಲ್ಯವನ್ನೂ ಕೆಡಿಸಿದಿರಿ.

ಬೋರ್ಡು ಹೊತ್ತುಕೊಂಡು ಹೋಗಿ ಅಜ್ಜನ ಕಾಲು ಹಿಡಿದೆ. ಅವರು ಬೈಯಲಿಲ್ಲ. ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದರು. ಆಮೇಲೆ ಕೇಳಿದರು: ‘ಅಂಗಾದ್ರೆ ನಮ್ಮಜ್ಜಿ ಕಾಫಿ ಹೆಂಗಿತ್ತು ಅಂತ ಯಾರ್ಗೂ ಗೊತ್ತಿಲ್ವೇನವ್ವಾ?’ 

ನಮ್ಮಲ್ಲಿ ಒಬ್ಬರಿಗೆ ಆಯುಷ್ಯಕ್ಕೆ ಒಂದೇ ಹಿಂದೋಲೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಕಾಗದ. ನನ್ನದನ್ನು ತೀರಿಹೋದ ಅಮ್ಮನಿಗೆ ಬರೆಯಬೇಕೆಂದು ಇಟ್ಟುಕೊಂಡಿದ್ದೆ. ಅದು ನಿಮ್ಮ ಪಾಲಾಯಿತು. ಇದಕ್ಕಾಗಿಯೂ ನಿಮ್ಮನ್ನು ಕ್ಷಮಿಸಲಾರೆ.

ಇದರಿಂದ ಆ ಬೀಜ ಮರಳಿ ಬರುವುದಿಲ್ಲ. ಆದರೆ ನಿಮ್ಮ ನೋಟ್‌ಬುಕ್ಕಿನ ಕೊನೆಯ ಹಾಳೆ ಖಾಲಿ ಇದೆ, ಅದರಲ್ಲಿ ನೀವು ಏನು ಬರೆದರೂ ನಮಗೆ ಕಾಣುತ್ತದೆ. ಆ ಮಂಗಳವಾರ ಸಂಜೆಯೇ ನಿಮ್ಮ ಕೈ ಸೇರುವಂತೆ ಇದನ್ನು ಕಳಿಸುತ್ತಿದ್ದೇನೆ. ನಾಳೆ ಬುಧವಾರ. ಅಂಗಡಿ ಆರಕ್ಕೆ ತೆರೆಯುತ್ತದೆ. ಹೋಗಿ, ಪೂರ್ತಿ ಲೋಟ ಕುಡಿಯಿರಿ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದೇ ಬರೆಯಿರಿ, ಅಜ್ಜ ತಡೆದುಕೊಳ್ಳುತ್ತಾರೆ. ಲೋಟ ಹೇಗಿತ್ತು ಎಂಬುದನ್ನು ಮಾತ್ರ ಬಿಡಬೇಡಿ. ಅವರು ಇಲ್ಲೇ ನನ್ನ ಪಕ್ಕದಲ್ಲಿ, ಆ ಖಾಲಿ ಹಾಳೆಯನ್ನು ತೆರೆದಿಟ್ಟುಕೊಂಡು ಕೂತಿದ್ದಾರೆ.

ನಿಮ್ಮನ್ನು ನಂಬಿದ್ದ,
ಇರವಂತಿ