ಸಿಂಹದ ಹಿಂಗಾಲು

ತೊಕುಝೋ,

ಹಿಂಗಾಲಿಗೆ ಯಾರಾದರೂ ಸಾಕು ಅಂತ ನೀನು ಊರು ಬಿಡುವಾಗ ಎಲ್ಲರೆದುರು ಹೇಳಿದ್ದೆನಲ್ಲ, ಮಾಡಿ ತೋರಿಸಿದ್ದೇನೆ. ನೀನು ಒಸಾಕಾಕ್ಕೆ ಹೋದ ಮೇಲೆ ಇದು ಮೂರನೇ ಸೆಪ್ಟೆಂಬರ್. ಇವತ್ತಿನ ಕೊಯ್ಲಿನ ಹಬ್ಬದಲ್ಲೂ ನಮ್ಮ ಕೇರಿಯ ಸಿಂಹ ಮನೆಮನೆಗೂ ಹೋಗಿ ಕುಣಿಯಿತು. ಮರದ ತಲೆ ಹೊತ್ತವನು ನಾನೇ. ಹಿಂದೆ ಬಟ್ಟೆಯೊಳಗೆ, ನಿನ್ನ ಜಾಗದಲ್ಲಿ, ಬಲೆ ಹೆಣೆಯುವ ರ್‍ಯೋಹೇ. ಒಂದು ತಪ್ಪೂ ಆಗಲಿಲ್ಲ. ನಾನು ಎಡಕ್ಕೆ ವಾಲಿದಾಗ ಅವನು ಒಂದೆರಡು ಸಲ ಬಲಕ್ಕೆ ಹೋದ, ಅದೇನು ದೊಡ್ಡದಲ್ಲ. ನಿನಗಾದರೆ ನಾನು ಹಿಮ್ಮಡಿ ನೆಲಕ್ಕೆ ತಟ್ಟಿದರೆ ಸಾಕಿತ್ತು, ಇವನಿಗೆ ಬಾಯಿಬಿಟ್ಟು ಹೇಳಬೇಕು, ಅಷ್ಟೆ.

ಕೊನೆಗೆ ನಿಮ್ಮ ಮನೆ. ನಿನ್ನಮ್ಮ ಬಾಗಿಲಲ್ಲೇ ಕೂತಿದ್ದರು.

"ತಲೆಯೇನೋ ಜೋರಾಗಿದೆ ಕಣೋ ಕನೇಜಿ, ಹಿಂಗಾಲು ಎಲ್ಲೋ ಮರೆತು ಬಂದ ಹಾಗಿದೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ ಅಂತಲೇ ಇಟ್ಟುಕೋ. ಸಿಂಹದೊಳಗಿದ್ದವನ ಮುಖ ಯಾರಿಗೆ ಕಾಣುತ್ತೆ?

ವರ್ಷವಿಡೀ ಕಾಯಿಲೆ ಬಾರದಿರಲಿ ಅಂತ ಅವರ ತಲೆಯನ್ನು ಸಿಂಹದ ಬಾಯಲ್ಲಿ ಮೆಲ್ಲಗೆ ಕಚ್ಚಿದೆ. ಆಮೇಲೆ ಅವರು ಮಡಿಲಿಂದ ನಿನ್ನ ಹಳೇ ನೀಲಿ ಟೋಪಿ ತೆಗೆದು ಮುಂದೆ ಹಿಡಿದರು.

"ಊರಲ್ಲಿಲ್ಲದವನದ್ದು. ಇದನ್ನೂ ಕಚ್ಚಪ್ಪ."

ಒಂದು ಸಲ ಕಚ್ಚಿ ಬಿಡಬೇಕು, ಅದೇ ಪದ್ಧತಿ, ನಿನಗೆ ಗೊತ್ತು. ಕೊಳಲಿನವರು ಸಿಂಹ ಕಚ್ಚುವಾಗಿನ ರಾಗದ ಸಾಲನ್ನು ಊದಿ ಮುಗಿಸಿದರು. ನನ್ನನ್ನು ನೋಡಿ ಮತ್ತೆ ಊದಿದರು. ಮೂರನೇ ಸಲವೂ ಊದಿದರು. ಆಗ ರ್‍ಯೋಹೇ ಹಿಂದಿನಿಂದ ನನ್ನ ಸೊಂಟ ತಿವಿದ.

"ಬಿಡಣ್ಣ, ಟೋಪಿ ಹರಿದುಹೋಗುತ್ತೆ!"