ನೀನು ಏನೂ ತಪ್ಪು ಒತ್ತಿಲ್ಲ

ಹಿಂದೂಪುರ

ಪ್ರೀತಿಯ ಮೈದುನ ಯುವರಾಜನಿಗೆ,

ಕಾಲು ಮುರಿದು ಮಲಗಿದ್ದ ನಿನಗೆ ನಾನು ಕೊಡಿಸಿದ ಕಂಪ್ಯೂಟರ್ ಗೇಮ್ ಮೊನ್ನೆ ಮಾಯವಾದಾಗ ನೀನು ಫೋನ್ ಮಾಡಿ, "ನಾನೇ ಏನೋ ತಪ್ ಒತ್ಬುಟ್ಟೆ ಅತ್ತಿಗೆ, ಬೇಜಾರ್ ಮಾಡ್ಕೋಬ್ಯಾಡಿ" ಅಂದೆ. "ಇರ್ಲಿ ಬಿಡಪ್ಪ" ಎಂದು ನಾನು ದೊಡ್ಡ ಮನಸ್ಸಿನವಳಂತೆ ಫೋನ್ ಇಟ್ಟೆ.

ನೀನು ಏನೂ ತಪ್ಪು ಒತ್ತಿಲ್ಲ. ಆ ಗೇಮಿನ ಕೀಯನ್ನು, ಅಂದರೆ ಗೇಮ್ ತೆರೆಯಲು ಹಾಕುವ ಗುಟ್ಟಿನ ಸಂಖ್ಯೆಯನ್ನು, ಕಾಲು ಬೆಲೆಗೆ ಮಾರುವ ವೆಬ್‌ಸೈಟಿನಲ್ಲಿ ಕೊಂಡಿದ್ದೆ. ಅಷ್ಟು ಅಗ್ಗ ಯಾಕೆಂದು ಕೇಳಲಿಲ್ಲ. ಕಳ್ಳರು ಯಾರದೋ ಬ್ಯಾಂಕ್ ಕಾರ್ಡಿನಲ್ಲಿ ಕೀ ಕೊಂಡು, ಬಂದಷ್ಟಕ್ಕೆ ಮಾರಿಬಿಡುತ್ತಾರಂತೆ. ಆ ಕಾರ್ಡಿನ ಒಡೆಯರು ದೂರು ಕೊಟ್ಟರು. ಗೇಮಿನ ಕಂಪನಿ ಕೀ ರದ್ದು ಮಾಡಿತು. ನೀನು ಫೋನ್ ಮಾಡಿದಾಗಲೇ ನನಗೆ ಅನುಮಾನ ಬಂದಿತ್ತು.

ಅತ್ತೆಯವರು ಇನ್ನೂ ನಿನ್ನನ್ನೇ ಬೈಯುತ್ತಿದ್ದಾರಂತೆ. ಭಾನುವಾರ ಕಲ್ಯಾಣದುರ್ಗಕ್ಕೆ ಬರುತ್ತೇನೆ. ಅಷ್ಟರೊಳಗೆ ಈ ಕಾಗದವನ್ನು ಅವರಿಗೆ ಓದಿ ಹೇಳು. ಎದುರಿಗೆ ನಿಂತರೆ ನನಗೆ ಬಾಯಿ ಬರುವುದಿಲ್ಲ.

ನಿನ್ನ ಅತ್ತಿಗೆ,
ಕಲ್ಪನಾ